ಪಕ್ಕದ ಕೋಣೆಯಲ್ಲೇ ಡಾಕ್ಟರ್ ಇದ್ದರು: ಇಡಾ ಸ್ಕಡರ್ ಅವರಿಗೆ ಬಂದ ಕರೆ, ಒಂದು ಪ್ರಕರಣ ಅಧ್ಯಯನ

ಕೋಲಾರ, ಬಂಗಾರಪೇಟೆ, ಕೆ.ಜಿ.ಎಫ್. ಕಡೆಯ ಮನೆಗಳಲ್ಲಿ ಯಾರಿಗಾದರೂ ಕಾಯಿಲೆ ಜಾಸ್ತಿಯಾದರೆ ಒಂದು ಮಾತು ಬಂದೇ ಬರುತ್ತದೆ. "ವೆಲ್ಲೂರಿಗೆ ಒಂದ್ಸಲ ತೋರಿಸಿಕೊಂಡು ಬರೋಣ." ಫೈಲು, ಎಕ್ಸ್‌ರೇ ಕವರು, ಒಂದು ಚೀಲದಲ್ಲಿ ಚಿತ್ರಾನ್ನ ಹಿಡಿದುಕೊಂಡು ರೈಲು ಹತ್ತುತ್ತಾರೆ. ಕಾಟ್ಪಾಡಿಯಲ್ಲಿ ಇಳಿದು ಸಿ.ಎಂ.ಸಿ., ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಆಟೋ ಹಿಡಿಯುತ್ತಾರೆ. ನಾನೂ ಅಮ್ಮನ ಜೊತೆ ಹಾಗೆ ಹೋಗಿಬಂದವಳು. ಸಾಲಿನಲ್ಲಿ ನಮ್ಮ ಮುಂದೆ ತೆಲುಗು ಮಾತು, ಹಿಂದೆ ಬಂಗಾಳಿ ಮಾತು.

ಆ ಆಸ್ಪತ್ರೆ ಹುಟ್ಟಿದ ಕಥೆಯನ್ನು ನಮ್ಮ ಸಭೆಯ ಬುಧವಾರದ ಪ್ರಾರ್ಥನಾ ಕೂಟದಲ್ಲಿ ಮೂರು ವಾರ ಇಟ್ಟುಕೊಂಡು ಮಾತಾಡಿದೆವು. ಕರೆ ಎಂಬ ಪದವನ್ನು ನಾವು ಕ್ರೈಸ್ತರು ತುಂಬಾ ಬಳಸುತ್ತೇವೆ. "ಅವರಿಗೆ ದೇವರ ಕರೆ ಇದೆ" ಎನ್ನುತ್ತೇವೆ. ಪ್ರಾರ್ಥನೆಯಲ್ಲಿ ಕೇಳಿಸಿದ ಕರೆ ಕೈಕಾಲಿಗೆ ಹೇಗೆ ಇಳಿಯುತ್ತದೆ? ಅದನ್ನು ಒಬ್ಬರ ಬದುಕಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ನೋಡಬೇಕು ಅನಿಸಿತು. ಅದಕ್ಕೇ ಆ ಆಸ್ಪತ್ರೆ ಕಟ್ಟಿದ ಡಾಕ್ಟರ್ ಇಡಾ ಸ್ಕಡರ್ ಅವರ ಪ್ರಕರಣವನ್ನು ಆರಿಸಿಕೊಂಡೆವು. ಕೂಟದಲ್ಲಿ ಬಂದ ಮಾತುಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬೇಡ ಎಂದಿದ್ದ ಹುಡುಗಿ

ಇಡಾ ಹುಟ್ಟಿದ್ದು 1870ರ ಡಿಸೆಂಬರ್‌ನಲ್ಲಿ, ವೆಲ್ಲೂರಿಗೆ ಹತ್ತಿರದ ರಾಣಿಪೇಟೆಯಲ್ಲಿ. ಮನೆತನ ಅಮೆರಿಕದ್ದು. ಅಜ್ಜ ಜಾನ್ ಸ್ಕಡರ್ 1819ರಲ್ಲೇ ಡಾಕ್ಟರ್ ಮಿಷನರಿಯಾಗಿ ಸಿಲೋನಿಗೆ ಬಂದು, ಆಮೇಲೆ ಮದ್ರಾಸಿಗೆ ಬಂದವರು. ಅವರ ಗಂಡುಮಕ್ಕಳೂ ಮಿಷನ್ ಕೆಲಸಕ್ಕೇ ನಿಂತರು. ಇಡಾ ಅವರ ಅಪ್ಪನ ಹೆಸರೂ ಜಾನ್. ಅವರೂ ಡಾಕ್ಟರ್.

ಹುಡುಗಿಗೆ ಆರೇಳು ವರ್ಷವಿದ್ದಾಗ ಆ ದೊಡ್ಡ ಬರ ಬಂತು. ನಮ್ಮ ಹಳೇ ಮೈಸೂರಿನ ಕಡೆ ಹಿರಿಯರು ಧಾತು ಈಶ್ವರದ ಬರ ಎನ್ನುತ್ತಿದ್ದರಲ್ಲ, 1876ರಿಂದ 78ರವರೆಗಿನದು, ಅದೇ ಬರ. ಮೈಸೂರು ಸೀಮೆಯಲ್ಲೂ ಮದ್ರಾಸಿನ ಜಿಲ್ಲೆಗಳಲ್ಲೂ ಜನ ಲಕ್ಷಗಟ್ಟಲೆ ಸತ್ತರು. ಸ್ಕಡರ್ ಮನೆಯವರು ಹಸಿದ ಮಕ್ಕಳಿಗೆ ಊಟ ಕೊಡುತ್ತಿದ್ದರು. ಕೈ ಎತ್ತಿ ತಿನ್ನಲೂ ಆಗದ ಮಕ್ಕಳ ಬಾಯಿಗೆ ಈ ಪುಟ್ಟ ಹುಡುಗಿ ಬ್ರೆಡ್ಡಿನ ಚೂರು ಇಡಬೇಕಿತ್ತು.

ಇಂಥ ಬಾಲ್ಯ ಕಂಡವಳು ಸೇವೆಗೆ ತಾನಾಗಿ ಬರುತ್ತಾಳೆ ಅಂದುಕೊಳ್ಳುತ್ತೇವೆ, ಅಲ್ವಾ? ಆದದ್ದು ಉಲ್ಟಾ. ಅವಳಿಗೆ ಇಂಡಿಯಾ ಅಂದರೆ ಬಿಸಿಲು, ಹಸಿವು, ಸಾವು. ಅಪ್ಪ ಅಮ್ಮ ತನ್ನನ್ನು ಅಮೆರಿಕದಲ್ಲಿ ನೆಂಟರ ಮನೆಯಲ್ಲಿ ಬಿಟ್ಟು ಮತ್ತೆ ಇಲ್ಲಿಗೆ ಬಂದರು ಎಂಬ ನೋವು ಬೇರೆ. ಮ್ಯಾಸಚೂಸೆಟ್ಸ್‌ನ ನಾರ್ತ್‌ಫೀಲ್ಡ್ ಶಾಲೆಯಲ್ಲಿ ಓದುವಾಗ ಅವಳು ತೀರ್ಮಾನ ಮಾಡಿಯಾಗಿತ್ತು. ಮಿಷನರಿ ಆಗುವುದಿಲ್ಲ. ಮದುವೆಯಾಗಿ ಅಮೆರಿಕದಲ್ಲೇ ಇರುತ್ತೇನೆ.

1890ರಲ್ಲಿ ಅಮ್ಮನಿಗೆ ಹುಷಾರಿಲ್ಲ ಎಂದು ತಂತಿ ಬಂತು. ಸ್ವಲ್ಪ ದಿನ ನೋಡಿಕೊಂಡು ಹಿಂದಿರುಗುವುದು ಎಂದುಕೊಂಡೇ ಇಡಾ ಹಡಗು ಹತ್ತಿದರು. ಆಗ ಅಪ್ಪ ಇದ್ದದ್ದು ತಿಂಡಿವನಂನಲ್ಲಿ.

ಆ ರಾತ್ರಿ

ಇಡಾ ದೀಪದ ಹತ್ತಿರ ಕೂತಿದ್ದರು. ಜಗಲಿಯಲ್ಲಿ ಹೆಜ್ಜೆ ಸದ್ದು. ಬಾಗಿಲಲ್ಲಿ ಒಬ್ಬ ಯುವಕ, ಬ್ರಾಹ್ಮಣ. ಹೆಂಡತಿಗೆ ಹೆರಿಗೆ ನೋವು, ಮಗು ಬರುತ್ತಿಲ್ಲ. ಇಡಾ ಮುಂದೆ ಹೇಳಿಕೊಂಡಂತೆ ಆ ಹೆಂಡತಿಗೆ ಹದಿನಾಲ್ಕು ವರ್ಷ. ಸೂಲಗಿತ್ತಿ ತನ್ನಿಂದ ಇನ್ನಾಗದು ಎಂದಿದ್ದಾಳೆ. "ನೀವು ಬನ್ನಿ ಅಮ್ಮ."

ಇಡಾ ಹೇಳಿದರು, ನನಗೆ ಏನೂ ಗೊತ್ತಿಲ್ಲ, ನಮ್ಮ ಅಪ್ಪ ಡಾಕ್ಟರ್, ಅವರನ್ನು ಕರೆಯುತ್ತೇನೆ. ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದರು. ಹೊರಡಲು ತಯಾರಿದ್ದರು. ಆತ ಒಪ್ಪಲಿಲ್ಲ. ಪರಗಂಡಸು ನಮ್ಮ ಮನೆಯ ಹೆಣ್ಣನ್ನು ನೋಡುವ ಹಾಗಿಲ್ಲ, ಅದಕ್ಕಿಂತ ಅವಳು ಸಾಯುವುದೇ ಮೇಲು ಎಂದು ಕತ್ತಲೆಯಲ್ಲಿ ಹೊರಟುಹೋದ.

ಸ್ವಲ್ಪ ಹೊತ್ತಿಗೆ ಮತ್ತೆ ಹೆಜ್ಜೆ ಸದ್ದು. ಮೊದಲನೆಯವನೇ ಮನಸ್ಸು ಬದಲಿಸಿ ಬಂದ ಎಂದು ಇಡಾ ಓಡಿದರು. ಬಂದವನು ಬೇರೆ, ಮುಸ್ಲಿಂ. ಅವನ ಹೆಂಡತಿಗೂ ಅದೇ ಕಷ್ಟ. ಅವನದೂ ಅದೇ ಮಾತು, ಅದೇ ನಿರಾಕರಣೆ. ಆಮೇಲೆ ಮೂರನೆಯವನು, ಇನ್ನೊಂದು ಜಾತಿಯ ಹಿಂದೂ. ಅವನೂ ಡಾಕ್ಟರ್ ಗಂಡಸು ಎಂದು ಕೇಳಿ ವಾಪಸ್ಸು ಹೋದ.

ಇಡಾ ಮಲಗಲಿಲ್ಲ. ರಾತ್ರಿಯಿಡೀ ಪ್ರಾರ್ಥನೆಯಲ್ಲಿ ಕಳೆದರು. ಆ ಪ್ರಾರ್ಥನೆ ಸಮಾಧಾನದ ಪ್ರಾರ್ಥನೆ ಆಗಿರಲಿಲ್ಲ. ಅಮೆರಿಕದ ಮನೆ, ಗೆಳತಿಯರು, ತಾನು ಕಂಡ ಕನಸು ಒಂದು ಕಡೆ. ಊರಿನಲ್ಲಿ ನರಳುತ್ತಿದ್ದ ಮೂವರು ಹೆಂಗಸರು ಇನ್ನೊಂದು ಕಡೆ. ಬೆಳಗಿನ ಜಾವ ತಮಟೆ ಸದ್ದು ಕೇಳಿತು. ಆಳನ್ನು ಕಳಿಸಿ ವಿಚಾರಿಸಿದರು. ಮೂವರೂ ಸತ್ತಿದ್ದರು.

ಅವತ್ತು ಅಪ್ಪ ಅಮ್ಮನ ಹತ್ತಿರ ಹೋಗಿ ಅವರು ಹೇಳಿದ್ದು ಇಷ್ಟೇ: ನಾನು ಅಮೆರಿಕಕ್ಕೆ ಹೋಗಿ ಡಾಕ್ಟರ್ ಆಗಿ ಬರುತ್ತೇನೆ.

ಮೂರು ಸಾವು ಆದದ್ದು ಯಾಕೆ

ಮೊದಲನೇ ವಾರ ನಮ್ಮ ಕೂಟದಲ್ಲಿ ಇಲ್ಲೇ ನಿಂತುಬಿಟ್ಟೆವು. ಗಂಡಂದಿರ ಮೇಲೆ ಎಲ್ಲರಿಗೂ ಕೋಪ. ನನಗೆ ಮಾತ್ರ ಅವರನ್ನು ಅಷ್ಟು ಬೇಗ ಬೈಯಲು ಮನಸ್ಸು ಬರಲಿಲ್ಲ. ಆ ಕಾಲದಲ್ಲಿ, ಕತ್ತಲೆಯಲ್ಲಿ, ಬಿಳಿಯರ ಬಂಗಲೆಗೆ ಹೋಗಿ ಬಾಗಿಲು ತಟ್ಟುವುದು ಸಣ್ಣ ಮಾತಲ್ಲ. ಹೆಂಡತಿ ಬದುಕಲಿ ಅಂತಲೇ ಬಂದರು. ಅವರ ಕಾಲಿಗೆ ಸಂಪ್ರದಾಯ ಸುತ್ತಿಕೊಂಡಿತ್ತು. ನನಗೆ ಜಾಸ್ತಿ ಚುಚ್ಚುವುದು ಬೇರೆ. ಒಳಗೆ ನೋವು ತಿನ್ನುತ್ತಿದ್ದ ಮೂವರಲ್ಲಿ ಒಬ್ಬಳನ್ನೂ ಯಾರೂ ಕೇಳಲಿಲ್ಲ, "ನಿನಗೆ ಡಾಕ್ಟರ್ ಬೇಕೇನಮ್ಮಾ" ಅಂತ.

ಸೂಲಗಿತ್ತಿಯರನ್ನೂ ಹಗುರವಾಗಿ ಕಾಣಬಾರದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟಾಗ ನಾಡೇ ಖುಷಿಪಟ್ಟಿತಲ್ಲ. ಸಾವಿರಾರು ಹೆರಿಗೆ ಮಾಡಿಸಿದ ಕೈ ಅವರದು. ಆದರೆ ಮಗು ಅಡ್ಡ ನಿಂತಾಗ, ಇನ್ನೂ ಎಳೆ ಮೂಳೆಯ ಹುಡುಗಿಯ ಸೊಂಟದಲ್ಲಿ ಮಗುವಿನ ತಲೆ ಸಿಕ್ಕಿಕೊಂಡಾಗ, ಕೈಗುಣವೊಂದೇ ಸಾಲದು. ಆಪರೇಷನ್ ಬೇಕು.

ಆಪರೇಷನ್ ಮಾಡಬಲ್ಲ ಡಾಕ್ಟರ್ ಇದ್ದರು. ಔಷಧಿ ಇತ್ತು. ಒಳ್ಳೆಯ ಮನಸ್ಸಿತ್ತು. ಪ್ರಾರ್ಥನೆಯೂ ಇತ್ತು. ಇಷ್ಟೆಲ್ಲ ಇದ್ದೂ ಮೂವರು ಹೋದರು. ಅದನ್ನೆಲ್ಲ ಹೊಸಿಲು ದಾಟಿಸಬಲ್ಲ ಒಬ್ಬ ಹೆಂಗಸು ಇರಲಿಲ್ಲ. ಇಡಾ ಅವರಿಗೆ ಆ ರಾತ್ರಿ ಕಂಡದ್ದು ಇದು. "ಸ್ವಾಮೀ, ಆ ಹೆಂಗಸರನ್ನು ಕಾಪಾಡು" ಎಂದು ಶುರುವಾದ ಪ್ರಾರ್ಥನೆ ಬೆಳಗಾಗುವಷ್ಟರಲ್ಲಿ ಅವರ ಮೇಲೇ ತಿರುಗಿತ್ತು.

ಮತ್ತಾಯನ ಸುವಾರ್ತೆಯಲ್ಲಿ ಒಂದು ಜಾಗ ಇದೆ. ಒಂಬತ್ತನೇ ಅಧ್ಯಾಯದ ಕೊನೆಯಲ್ಲಿ ಯೇಸು ಶಿಷ್ಯರಿಗೆ, ಬೆಳೆ ಬಹಳ ಇದೆ, ಕೆಲಸದವರು ಕಮ್ಮಿ, ಕೆಲಸದವರನ್ನು ಕಳಿಸಪ್ಪಾ ಎಂದು ಬೇಡಿಕೊಳ್ಳಿ ಎನ್ನುತ್ತಾನೆ. ನಾವು ಸಾಮಾನ್ಯವಾಗಿ ಅಲ್ಲಿಗೆ ಪುಸ್ತಕ ಮುಚ್ಚುತ್ತೇವೆ. ಹತ್ತನೇ ಅಧ್ಯಾಯ ತೆಗೆದರೆ, ಬೇಡಿಕೊಳ್ಳಿ ಎಂದು ಯಾರಿಗೆ ಹೇಳಿದನೋ ಅವರನ್ನೇ ಕರೆದು ಕಳಿಸುತ್ತಾನೆ. ತಿಂಡಿವನಂನ ಆ ರಾತ್ರಿ ನನಗೆ ಈ ಎರಡು ಅಧ್ಯಾಯಗಳ ನಡುವಿನ ರಾತ್ರಿಯ ಹಾಗೆ ಕಾಣುತ್ತದೆ.

ಓದಿನ ವರ್ಷಗಳು

ಕೂಟದ ಒಬ್ಬ ಹುಡುಗ ಕೇಳಿದ: "ಅವತ್ತೇ ಇಡಾ ಧೈರ್ಯ ಮಾಡಿ ಹೋಗಬಹುದಿತ್ತಲ್ಲ ಆಂಟಿ?" ಹೋಗಿದ್ದರೆ ಏನು ಮಾಡುತ್ತಿದ್ದರು? ಕೈ ಹಿಡಿದು ಕೂರಬಹುದಿತ್ತು. ಅದಕ್ಕೂ ಬೆಲೆ ಇದೆ. ಆದರೆ ಮಗು ಹೊರಗೆ ಬರುತ್ತಿರಲಿಲ್ಲ. ಕರೆ ಬಂತು ಎಂದ ಕೂಡಲೇ ಏನಾದರೂ ಮಾಡಿಬಿಡಬೇಕು ಎಂಬ ಆತುರ ನಮ್ಮಲ್ಲಿ ಜಾಸ್ತಿ. ಇಡಾ ಮೊದಲು ಕಲಿಯಲು ಹೋದರು. 1895ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿದರು. ಆಮೇಲೆ ನ್ಯೂಯಾರ್ಕಿನ ಕಾರ್ನೆಲ್ ಕಾಲೇಜು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಾಗ ಅಲ್ಲಿಗೆ ಹೋಗಿ 1899ರಲ್ಲಿ ಡಿಗ್ರಿ ಮುಗಿಸಿದರು. ಹೆಣ ಕೊಯ್ದು ಕಲಿತದ್ದು, ರಾತ್ರಿ ಕೂತು ಬಾಯಿಪಾಠ ಮಾಡಿದ್ದು, ಪರೀಕ್ಷೆ ಬರೆದದ್ದು ಎಲ್ಲವೂ ಆ ಪ್ರಾರ್ಥನೆಯ ಭಾಗವೇ ಎಂದು ನಾನು ನಂಬುತ್ತೇನೆ.

ಹೊರಡುವ ಮುಂಚೆ ವೆಲ್ಲೂರಿನಲ್ಲಿ ಹೆಂಗಸರ ಆಸ್ಪತ್ರೆ ಕಟ್ಟಲು ಎಂಟು ಸಾವಿರ ಡಾಲರ್ ಕೂಡಿಸುವ ಕೆಲಸ ಅವರ ಮೇಲೆ ಬಿತ್ತು. ಚಿಲ್ಲರೆ ಚಿಲ್ಲರೆಯಾಗಿ ಬರುತ್ತಿತ್ತು. ಹಡಗಿನ ದಿನ ಹತ್ತಿರ ಬಂತು. ಸಹಾಯ ಕೇಳಲು ಒಬ್ಬ ಮಹಿಳೆಯ ಮನೆಗೆ ಹೋಗಿ ಆ ರಾತ್ರಿಯ ಕಥೆ ಹೇಳಿದರು. ಆಕೆಯ ಭಾವ, ಒಂದು ಬ್ಯಾಂಕಿನ ಹಿರಿಯರಾಗಿದ್ದ ಶೆಲ್ ಎಂಬವರು, ಪಕ್ಕದಲ್ಲೇ ಇದ್ದು ಕೇಳಿಸಿಕೊಂಡಿದ್ದರು. ಮಾರನೇ ದಿನ ಕರೆಸಿ, ತೀರಿಹೋದ ತಮ್ಮ ಹೆಂಡತಿಯ ನೆನಪಿಗೆ ಹತ್ತು ಸಾವಿರ ಡಾಲರ್ ಕೊಟ್ಟರು. ಹೆಂಡತಿಯನ್ನು ಕಳಕೊಂಡ ಗಂಡ ಆತ. ತಿಂಡಿವನಂನ ಆ ಮೂವರು ಗಂಡಂದಿರ ಕಥೆ ಅವರಿಗೆ ಬೇರೆ ಥರ ಕೇಳಿಸಿರಬೇಕು.

ಒಂದು ಹಾಸಿಗೆ

1900ರಲ್ಲಿ ವೆಲ್ಲೂರಿನ ಮಿಷನ್ ಬಂಗಲೆಯಲ್ಲಿ ಒಂದೇ ಹಾಸಿಗೆಯ ದವಾಖಾನೆ ಶುರುವಾಯಿತು. ವೆಲ್ಲೂರು ನಮಗೆ ಹೊಸ ಊರಲ್ಲ. ಟಿಪ್ಪು ಸತ್ತ ಮೇಲೆ ಅವನ ಮಕ್ಕಳನ್ನು ಬ್ರಿಟಿಷರು ಇಟ್ಟಿದ್ದು ಅಲ್ಲಿನ ಕೋಟೆಯಲ್ಲೇ. ಅಪ್ಪನ ಹತ್ತಿರ ಕೆಲಸ ಕಲಿಯುತ್ತೇನೆ ಎಂದು ಇಡಾ ನೆಚ್ಚಿಕೊಂಡಿದ್ದರು. ಅಪ್ಪ ಅದೇ ವರ್ಷ ತೀರಿಕೊಂಡರು. ಅಕ್ಕಪಕ್ಕ ಕೇಳಲು ಹಿರಿಯ ಡಾಕ್ಟರ್ ಇಲ್ಲ. ನರ್ಸ್ ಇಲ್ಲ. ಮೊದಲ ಆಪರೇಷನ್ ಮಾಡುವಾಗ ಜೊತೆಗೆ ನಿಂತವರು ಮನೆಯ ಬಟ್ಲರನ ಹೆಂಡತಿ. ಆ ಹೆಂಗಸಿನ ಬಗ್ಗೆ ನಾವು ಕೂಟದಲ್ಲಿ ತುಂಬಾ ಹೊತ್ತು ಮಾತಾಡಿದೆವು. ಅವರಿಗೆ ಯಾವ ಸಭೆಯೂ ಕೈಯಿಟ್ಟು ಪ್ರಾರ್ಥಿಸಿ ಕಳಿಸಿಕೊಡಲಿಲ್ಲ. ಅಡುಗೆಮನೆಯಿಂದ ಕರೆದರು, ಬಂದು ದೀಪ ಹಿಡಿದಂತೆ ನಿಂತರು. ಆ ರೋಗಿ ಉಳಿದರು.

ಎರಡು ವರ್ಷದಲ್ಲಿ ಸುಮಾರು ಐದು ಸಾವಿರ ರೋಗಿಗಳನ್ನು ನೋಡಿದರು. 1902ರಲ್ಲಿ 40 ಹಾಸಿಗೆಯ ಮೇರಿ ಟೇಬರ್ ಶೆಲ್ ಆಸ್ಪತ್ರೆ ತೆರೆಯಿತು. ಹೆಂಗಸರಿಗೆ ಹೆಂಗಸರೇ ನೋಡುವ ಆಸ್ಪತ್ರೆ ಬೇಕೆಂಬ ಒತ್ತಾಯ ಎಲ್ಲ ಕಡೆ ಇತ್ತು. ನಮ್ಮ ಮೈಸೂರಿನಲ್ಲಿ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಶುರುವಾದದ್ದೂ ಆಸುಪಾಸಿನಲ್ಲೇ, 1906ರಲ್ಲಿ.

ಆಸ್ಪತ್ರೆಗೆ ಬರಲಾರದವರಿಗಾಗಿ ಇಡಾ ರಸ್ತೆಗೆ ಇಳಿದರು. ಗುಡಿಯಾತ್ತಂ ದಾರಿಯಲ್ಲಿ ಮರದ ನೆರಳಿನಲ್ಲಿ ನಿಲ್ಲಿಸಿ ಔಷಧಿ ಕೊಡುವುದು. ಹುಣ್ಣು ತೊಳೆಯುವುದು, ಕಣ್ಣಿಗೆ ಹನಿ ಹಾಕುವುದು. ಮೊದಲು ಎತ್ತಿನ ಗಾಡಿ, ಆಮೇಲೆ ಒಂದು ಪುಟ್ಟ ಪ್ಯೂಜೋ ಕಾರು. ಯಾವ ವಾರ, ಯಾವ ಮರದ ಕೆಳಗೆ ಡಾಕ್ಟರಮ್ಮ ಸಿಗುತ್ತಾರೆ ಎಂದು ಹಳ್ಳಿಯವರಿಗೆ ಗೊತ್ತಿತ್ತು.

ಎರಡನೇ ಸಲ ತಟ್ಟಿದ ಬಾಗಿಲು

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇಲ್ಲಿಂದ ಮುಂದಿನದು. ಇಡಾ ಒಳ್ಳೆಯ ಡಾಕ್ಟರ್ ಆಗಿ, ಪ್ರಾಣ ಉಳಿಸುತ್ತಾ, ಅಷ್ಟಕ್ಕೇ ಇದ್ದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಒಂದು ಹಳ್ಳಿಯಲ್ಲಿ ಹೆರಿಗೆ ನೋಡುವಾಗ ಇನ್ನೊಂದು ಹಳ್ಳಿಯಲ್ಲಿ ಅದೇ ರಾತ್ರಿ ಇನ್ನೊಬ್ಬಳು ಸಾಯುತ್ತಿದ್ದಳು. ತಿಂಡಿವನಂನಲ್ಲೂ ಒಂದೇ ರಾತ್ರಿ ಮೂರು ಮನೆ ಅಲ್ವಾ? ಡಾಕ್ಟರಮ್ಮ ಒಬ್ಬರೇ ಇದ್ದರೆ ಯಾವ ಮನೆಗೆ ಹೋಗುತ್ತಿದ್ದರು?

1909ರಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ಆಮೇಲೆ ಈ ನಾಡಿನ ಹೆಣ್ಣುಮಕ್ಕಳನ್ನೇ ಡಾಕ್ಟರ್ ಮಾಡುತ್ತೇನೆ ಎಂದು ಹೊರಟರು. ಸರ್ಕಾರದ ದೊಡ್ಡ ವೈದ್ಯಾಧಿಕಾರಿಗೆ ನಂಬಿಕೆ ಬರಲಿಲ್ಲ. ಆರು ಜನ ಸಿಕ್ಕರೆ ಶುರುಮಾಡಿ ಎಂದರು. ಅರ್ಜಿ ಅದಕ್ಕಿಂತ ಎಷ್ಟೋ ಜಾಸ್ತಿ ಬಂದವು. 1918ರಲ್ಲಿ ಶಾಲೆ ತೆರೆಯಿತು. ಓದು ಎಲ್.ಎಂ.ಪಿ.ದು, ಎಂ.ಬಿ.ಬಿ.ಎಸ್.ಗಿಂತ ಕೆಳಗಿನ ಡಾಕ್ಟರ್ ಕೋರ್ಸು. ನಮ್ಮ ಅಜ್ಜಂದಿರು "ಎಲ್ಲೆಂಪಿ ಡಾಕ್ಟರು" ಎನ್ನುತ್ತಿದ್ದರಲ್ಲ, ಅದು. ಮೊದಲ ತಂಡದಿಂದ 1922ರಲ್ಲಿ 14 ಹೆಣ್ಣುಮಕ್ಕಳು ಡಾಕ್ಟರಾಗಿ ಹೊರಬಂದರು.

ಈ 14 ಜನರನ್ನು ಒಂದು ಕ್ಷಣ ನೆನೆಯಬೇಕು. ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ದಿನ. ಮದುವೆ ಮುಂದೂಡಿ, ಊರಿನ ಮಾತು ಕೇಳಿಸಿಕೊಂಡು, ಇಂಗ್ಲಿಷಿನಲ್ಲಿ ಅಂಗರಚನೆ ಓದಿದರು. ಕರೆ ಬಂದದ್ದು ಇಡಾ ಒಬ್ಬರಿಗೆ ಎಂದು ನಾವು ಹೇಳುತ್ತೇವೆ. ಈ ಹುಡುಗಿಯರಿಗೂ ಬಂದಿತ್ತು. ಅವರ ಬಾಗಿಲನ್ನು ತಟ್ಟಿದವರು ಇಡಾ.

1928ರಲ್ಲಿ ಊರಾಚೆ 200 ಎಕರೆಯಲ್ಲಿ ಹೊಸ ಕಾಲೇಜಿಗೆ ಗುದ್ದಲಿ ಬಿತ್ತು. ಆ ಆಸುಪಾಸಿನಲ್ಲೇ ಗಾಂಧೀಜಿ ಬಂದು ನೋಡಿಹೋದರು. ಕಾಲೇಜಿನ ಧ್ಯೇಯವಾಕ್ಯ ಮಾರ್ಕನ ಸುವಾರ್ತೆಯ ಹತ್ತನೇ ಅಧ್ಯಾಯದ ಮಾತು: ಸೇವೆ ಮಾಡಿಸಿಕೊಳ್ಳಲು ಅಲ್ಲ, ಸೇವೆ ಮಾಡಲು.

ಕೈ ಬಿಡಬೇಕಾದ ಹೊತ್ತು

1930ರ ದಶಕದ ಕೊನೆಗೆ ಮದ್ರಾಸ್ ಸರ್ಕಾರ ಎಲ್.ಎಂ.ಪಿ. ಓದನ್ನು ನಿಲ್ಲಿಸಿತು. ಇನ್ನು ಎಂ.ಬಿ.ಬಿ.ಎಸ್. ಮಾತ್ರ. ಅದಕ್ಕೆ ಜಾಸ್ತಿ ಹಾಸಿಗೆ, ಜಾಸ್ತಿ ಓದಿದ ಪ್ರೊಫೆಸರುಗಳು, ದೊಡ್ಡ ಮೊತ್ತದ ಹಣ ಬೇಕು. ಇಡಾ ಅವರಿಗೆ ಎಪ್ಪತ್ತು ಹತ್ತಿರ. ಹೊರಗೆ ಯುದ್ಧ. 1941ರಲ್ಲಿ ಮತ್ತೆ ಅಮೆರಿಕಕ್ಕೆ ಹೋಗಿ ಸಭೆಯಿಂದ ಸಭೆಗೆ ಕೈಚಾಚಿದರು.

ಹಣಕ್ಕಿಂತ ಕಷ್ಟದ ಪ್ರಶ್ನೆ ಒಂದಿತ್ತು. ಬೇರೆ ಬೇರೆ ಮಿಷನ್‌ಗಳೆಲ್ಲ ಸೇರಿ ಒಂದೇ ಕಾಲೇಜು ನಡೆಸುವುದಾದರೆ ಗಂಡುಹುಡುಗರನ್ನೂ ಸೇರಿಸಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಅಂತ ವರ್ಷಗಟ್ಟಲೆ ಹಣ ಕೂಡಿಸಿಕೊಟ್ಟ ಹಳೆಯ ಗೆಳತಿಯರಲ್ಲಿ ಕೆಲವರು ಸಿಟ್ಟಾದರು. ನಂಬಿಕೆದ್ರೋಹ ಅನಿಸಿತು ಅವರಿಗೆ. ಅವರ ನೋವು ಸುಳ್ಳಲ್ಲ. ಹೆಣ್ಣುಮಕ್ಕಳ ಜಾಗಕ್ಕೆ ಗಂಡಸರು ಬಂದರೆ ಮೆಲ್ಲಗೆ ಎಲ್ಲವೂ ಅವರದೇ ಆಗುತ್ತದೆ ಎಂಬ ಭಯ ಇವತ್ತಿಗೂ ನಿಜವೇ. ಆದರೂ ಇಡಾ ಒಪ್ಪಿದ್ದು ಸರಿ ಎಂದೇ ನನ್ನ ಎಣಿಕೆ. ಒಪ್ಪದಿದ್ದರೆ ಕಾಲೇಜು ಮುಚ್ಚುತ್ತಿತ್ತು, ಹೆಣ್ಣುಮಕ್ಕಳೂ ಹೊರಗೆ ಉಳಿಯುತ್ತಿದ್ದರು. 1942ರಲ್ಲಿ ಎಂ.ಬಿ.ಬಿ.ಎಸ್. ಶುರುವಾಯಿತು. ಮುಂದಿನ ವರ್ಷಗಳಲ್ಲಿ ಗಂಡುಹುಡುಗರೂ ಸೇರಿದರು. ಸಂಸ್ಥೆಯ ಹೊಣೆ ಹಿಲ್ಡಾ ಲಾಜರಸ್ ಎಂಬ ಭಾರತದ ಹೆರಿಗೆ ತಜ್ಞೆಯ ಕೈಗೆ ಬಂತು.

ಅಲ್ಲಿ ಓದಿದ ಮೇರಿ ವರ್ಗೀಸ್ 1954ರಲ್ಲಿ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳಕೊಂಡರು. ಆಮೇಲೂ ಗಾಲಿಕುರ್ಚಿಯಲ್ಲಿ ಕೂತು ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. ಇಡಾ ಆಗಿನ್ನೂ ಬದುಕಿದ್ದರು, ಕೊಡೈಕೆನಾಲಿನ ಮನೆಯಲ್ಲಿ. 1960ರ ಮೇ ತಿಂಗಳಲ್ಲಿ, 89ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು.

ಕೇಳಲೇಬೇಕಾದ ಪ್ರಶ್ನೆ

ಇದೆಲ್ಲ ಮತಾಂತರಕ್ಕೆ ತಾನೆ ಎಂದು ನನ್ನ ಆಫೀಸಿನ ಗೆಳತಿ ಕೇಳಿದಳು. ಪ್ರೀತಿಯಿಂದಲೇ ಕೇಳಿದಳು. ಅದಕ್ಕೆ ನೇರವಾಗಿ ಉತ್ತರ ಕೊಡಬೇಕು. ಇಡಾ ತಮ್ಮ ನಂಬಿಕೆಯನ್ನು ಮುಚ್ಚಿಟ್ಟವರಲ್ಲ. ಅವರ ಜೊತೆ ಬಂದ ಆನಿ ಹ್ಯಾಂಕಾಕ್ ಮನೆಮನೆಗೆ ಹೋಗಿ ಹೆಂಗಸರಿಗೆ ಬೈಬಲ್ ಹೇಳುತ್ತಿದ್ದರು. ಔಷಧಿಗೆ ನಂಬಿಕೆಯನ್ನು ಬೆಲೆಯಾಗಿ ಕೇಳಿದರೆ ಅದು ವ್ಯಾಪಾರ, ಸೇವೆ ಆಗುವುದಿಲ್ಲ. ಇದು ನನ್ನ ನಿಲುವು, ನಮ್ಮ ಸಭೆಗೂ ಇದನ್ನೇ ಹೇಳುತ್ತೇನೆ. ಬಾಗಿಲಿಗೆ ಬಂದ ಆ ಮೂವರ ಜಾತಿ ಧರ್ಮ ನೋಡಿ ಇಡಾ ಅವರ ರಾತ್ರಿ ಕದಡಲಿಲ್ಲ. ಮೂವರ ಹೆಂಡತಿಯರೂ ಒಂದೇ ನೋವಿನಲ್ಲಿ ಇದ್ದರು.

ನಮ್ಮ ಪಟ್ಟಿ

ಮೂರನೇ ವಾರ ಕೂಟ ಮುಗಿಯುವಾಗ ಎಂದಿನಂತೆ ಪ್ರಾರ್ಥನೆಯ ಪಟ್ಟಿ ಓದಿದೆವು. ಅದರಲ್ಲಿ ನಮ್ಮ ಸಭೆಯ ಒಬ್ಬ ಅಕ್ಕನ ಹೆಸರು ಐದು ತಿಂಗಳಿಂದ ಇದೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಪ್ರತಿ ಬುಧವಾರ ಅವರಿಗಾಗಿ ಪ್ರಾರ್ಥಿಸಿದ್ದೇನೆ. ಸುಮ್ನೆ ಬಾಯಿಮಾತಿಗೆ ಅಲ್ಲ, ಮನಸ್ಸಿಟ್ಟೇ. ಆವತ್ತು ಮೊದಲ ಸಲ ಫೋನು ಮಾಡಿ ಕೇಳಿದೆ, "ಅಕ್ಕಾ, ಆಸ್ಪತ್ರೆಗೆ ಹೇಗೆ ಹೋಗ್ತೀರಾ?"

ಎರಡು ಬಸ್ಸು ಬದಲಾಯಿಸಿ ಒಬ್ಬರೇ ಹೋಗುತ್ತಾರೆ. ಬರುವಾಗ ತಲೆ ಸುತ್ತುತ್ತದೆ. ಬಸ್‌ಸ್ಟಾಪಿನ ಹತ್ತಿರದ ಒಂದು ಅಂಗಡಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು, ಸುಧಾರಿಸಿಕೊಂಡು ಬಸ್ಸು ಹತ್ತುತ್ತಾರೆ. ಐದು ತಿಂಗಳಿಂದ ಹೀಗೆ. ನನಗೆ ಗೊತ್ತೇ ಇರಲಿಲ್ಲ. ಅವರೂ ಯಾರಿಗೂ ಹೇಳಿರಲಿಲ್ಲ.

ನಾಲ್ಕು ಜನ ಸೇರಿ ಸರದಿ ಹಾಕಿಕೊಂಡೆವು. ಒಬ್ಬರಿಗೆ ಕೆಲಸದ ಪಾಳಿ ಬದಲಾಗಿ ಈಗ ಮೂವರೇ ಉಳಿದಿದ್ದೇವೆ. ಮಂಗಳವಾರ ನನ್ನದು. ಆರೂವರೆಗೆ ಅವರ ಮನೆ ಮುಂದೆ ಇರಬೇಕು. ಕಾರಿನಲ್ಲಿ ಕೂತ ಮೇಲೆ ಅಕ್ಕ ಒಂದು ಸಣ್ಣ ಪ್ರಾರ್ಥನೆ ಮಾಡುತ್ತಾರೆ. ಆಮೇಲೆ ಹೊರಡುತ್ತೇವೆ.